ಹಲ್ಲಿನ ಡಾಕ್ಟರಿಗೆ ಹೆದರುವವಳಿಗೆ

ಚಿ. ಸಿಂಚನಾಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಅಮ್ಮ ಫೋನಿನಲ್ಲಿ ಎಲ್ಲ ಹೇಳಿದಳು. ಕೆಳದವಡೆಯ ಹಲ್ಲು ಹುಳುಕಾಗಿ ತಿಂಗಳುಗಳಾದವು. ರೂಟ್ ಕೆನಾಲ್ ಮಾಡಿಸಬೇಕೆಂದು ಡಾಕ್ಟರು ಬರೆದುಕೊಟ್ಟ ಚೀಟಿ ಪರ್ಸಿನಲ್ಲೇ ಇದೆ. ನೀನು ಮಾತ್ರ ಮೆಡಿಕಲ್ ಶಾಪಿನ ನೋವಿನ ಮಾತ್ರೆಯಲ್ಲೇ ದಿನ ದೂಡುತ್ತಿದ್ದೆಯಂತೆ. ಈಗ ನೋವು ತಾನಾಗಿಯೇ ನಿಂತಿದೆ, ಇನ್ನು ಹೋಗುವ ಅಗತ್ಯವೇ ಇಲ್ಲ ಅನ್ನುತ್ತೀಯಂತೆ. ಹೆದರಿಕೆಯಿಂದಲೇ ಹಲ್ಲು ಕಳೆದುಕೊಂಡವರನ್ನು ದಂತವೈದ್ಯಳಾಗಿ ನನ್ನ ವೃತ್ತಿಯುದ್ದಕ್ಕೂ ನೋಡಿದ್ದೇನೆ. ಅಂಥವರೆಲ್ಲ ಓದಲಿ ಎಂದು ಈ ಪತ್ರವನ್ನು ಪತ್ರಿಕೆಗೇ ಕೊಡುತ್ತಿದ್ದೇನೆ.

ಮೊದಲು ನೋವು ನಿಂತ ವಿಚಾರ. ಅಷ್ಟು ದಿನ ಮಿಡಿಯುತ್ತಿದ್ದ ಹಲ್ಲು ಚಿಕಿತ್ಸೆಯಿಲ್ಲದೆ ಸುಮ್ಮನಾದರೆ ವಾಸಿಯಾಯಿತು ಎಂದಲ್ಲ. ಒಳಗಿನ ನರ ಸತ್ತಿರುವ ಸಾಧ್ಯತೆಯೇ ಹೆಚ್ಚು. ಸೋಂಕು ಅಲ್ಲೇ ಇದ್ದು ಬೇರಿನ ತುದಿಗೆ ಇಳಿಯುತ್ತದೆ, ಕೀವು ಕಟ್ಟುತ್ತದೆ. ಕೆಳದವಡೆಯ ಹಿಂದಿನ ಹಲ್ಲಿನ ಕೀವು ಕೆಲವೊಮ್ಮೆ ನಾಲಿಗೆಯ ಕೆಳಗೆ, ಕತ್ತಿಗೆ ಹರಡಿ ಉಸಿರಾಟಕ್ಕೇ ಅಡ್ಡಿಯಾಗುವುದುಂಟು. ದವಡೆಯ ಕೆಳಗೆ ಊತ, ಜ್ವರ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟ, ಇವುಗಳಲ್ಲಿ ಯಾವುದು ಕಂಡರೂ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗು.

ಇನ್ನು ಹೆದರಿಕೆ. ಮನೆಯವರು ‘ಇಷ್ಟು ಓದಿದವಳು ಇಷ್ಟಕ್ಕೆಲ್ಲ ಹೆದರ್ತೀಯಾ’ ಅನ್ನುತ್ತಿರಬಹುದು. ಆ ಮಾತಿಗೆ ಬೆಲೆ ಕೊಡಬೇಡ. ಹಠ ಮಾಡಿದರೆ ಡಾಕ್ಟರ ಹತ್ತಿರ ಸೂಜಿ ಚುಚ್ಚಿಸುತ್ತೇನೆ ಎಂದು ಮಕ್ಕಳನ್ನು ಬೆದರಿಸುವುದು ನಮ್ಮ ಮನೆಗಳಲ್ಲಿ ಇಂದಿಗೂ ಇದೆ. ಚಿಕ್ಕಂದಿನಲ್ಲಿ ಸರಿಯಾಗಿ ಮರಗಟ್ಟಿಸದೆ ಹಲ್ಲು ಕಿತ್ತ ನೆನಪು ಕೆಲವರನ್ನು ಐವತ್ತು ದಾಟಿದರೂ ಬಿಡುವುದಿಲ್ಲ. ಈ ಭಯವನ್ನು ನಮ್ಮ ವಿಜ್ಞಾನ ಹಗುರವಾಗಿ ಕಂಡಿಲ್ಲ, ಅದನ್ನು ಅಳೆಯಲು ಪ್ರಶ್ನಾವಳಿಗಳೇ ಇವೆ. ಹೆಚ್ಚು ಬಳಕೆಯಲ್ಲಿರುವ ಒಂದರಲ್ಲಿ ಐದೇ ಪ್ರಶ್ನೆ. ನಾಳೆ ಚಿಕಿತ್ಸೆಗೆ ಹೋಗಬೇಕೆಂದರೆ, ಹೊರಗೆ ಕಾಯುತ್ತ ಕುಳಿತಾಗ, ಡ್ರಿಲ್ ಮಾಡುವಾಗ, ಹಲ್ಲು ಕ್ಲೀನ್ ಮಾಡುವಾಗ, ವಸಡಿಗೆ ಇಂಜೆಕ್ಷನ್ ಕೊಡುವಾಗ ನಿನಗೆ ಎಷ್ಟು ಕಳವಳ? ಒಂದೊಂದಕ್ಕೂ 1ರಿಂದ 5 ಅಂಕ. ಒಟ್ಟು 19 ಅಥವಾ ಹೆಚ್ಚು ಬಂದರೆ ಭಯ ತೀವ್ರವಾಗಿದೆ ಎಂದರ್ಥ. ನೀನೂ ಒಂದು ಹಾಳೆಯಲ್ಲಿ ಬರೆದು ನೋಡು. ಇಂಜೆಕ್ಷನ್ ಎಂದರೆ ಭಯವೋ, ಡ್ರಿಲ್ಲಿನ ಸದ್ದೋ, ಬಾಯಿ ತೆರೆದು ಮಲಗಿದಾಗ ಏನೂ ಮಾಡಲಾಗದು ಎಂಬ ಅಸಹಾಯಕತೆಯೋ ಎಂಬುದು ಗೊತ್ತಾದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದಂತೆ.

ಒಂದು ವಿಷಯ ಚೆನ್ನಾಗಿ ತಿಳಿದುಕೊ. ನೋವು ಬೇರೆ, ಭಯ ಬೇರೆ; ಎರಡಕ್ಕೂ ಔಷಧ ಬೇರೆ ಬೇರೆ. ನೋವು ತಡೆಯುವುದು ಮರಗಟ್ಟಿಸುವ ಇಂಜೆಕ್ಷನ್. ಇಂದು ನಾವು ಬಳಸುವ ಲಿಗ್ನೋಕೇನ್ ಅನ್ನು 1943ರಲ್ಲಿ ಸ್ವೀಡನ್ನಿನಲ್ಲಿ ತಯಾರಿಸಿದರು. ಅದು ಬಂದಮೇಲೆ ಹಲ್ಲಿನ ಚಿಕಿತ್ಸೆಯ ಸ್ವರೂಪವೇ ಬದಲಾಯಿತು. ಚುಚ್ಚುವ ಜಾಗಕ್ಕೆ ಮೊದಲು ಜೆಲ್ ಹಚ್ಚಿ, ಔಷಧವನ್ನು ನಿಧಾನವಾಗಿ ಬಿಟ್ಟರೆ ಆ ಚುಚ್ಚು ಸಹ ಅಷ್ಟಾಗಿ ತಿಳಿಯುವುದಿಲ್ಲ. ಆದ ಕೂಡಲೇ ಎದೆ ಡವಡವ ಎಂದರೆ ಗಾಬರಿಯಾಗಬೇಡ. ಔಷಧದ ಜೊತೆ ಬೆರೆಸಿರುವ ಅಡ್ರಿನಲಿನ್ ಅದಕ್ಕೆ ಕಾರಣವಾಗಿರಬಹುದು, ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತದೆ. ತುಂಬ ಉರಿಯೂತವಿರುವ ಹಲ್ಲು ಒಂದೇ ಇಂಜೆಕ್ಷನ್ನಿಗೆ ಮರಗಟ್ಟದೇ ಇರಬಹುದು. ಆಗ ಹಲ್ಲು ಕಚ್ಚಿ ಸಹಿಸಬೇಡ, ‘ಇನ್ನೂ ನೋಯುತ್ತಿದೆ’ ಅನ್ನು. ಮತ್ತೆ ಕೊಡುತ್ತಾರೆ.

ಸೆಡೇಶನ್ ಎಂಬುದು ಭಯಕ್ಕೆ. ಅದು ಮನಸ್ಸನ್ನು ಶಾಂತಗೊಳಿಸುತ್ತದೆ, ಮಂಪರು ತರುತ್ತದೆ, ಹಲ್ಲನ್ನು ಮರಗಟ್ಟಿಸುವುದಿಲ್ಲ. ಹಾಗಾಗಿ ಸೆಡೇಶನ್ ತೆಗೆದುಕೊಂಡರೂ ವಸಡಿನ ಇಂಜೆಕ್ಷನ್ ಇದ್ದೇ ಇರುತ್ತದೆ. ಆಗ ಅದು ಬಾಧಿಸುವುದಿಲ್ಲ, ಅಷ್ಟೆ.

ಔಷಧಕ್ಕೆ ಮೊದಲು ಔಷಧವಿಲ್ಲದ ದಾರಿ ನೋಡು. ಬೆಳಗಿನ ಮೊದಲ ಅಪಾಯಿಂಟ್‌ಮೆಂಟ್ ಕೇಳು, ದಿನವಿಡೀ ಅದನ್ನೇ ನೆನೆದು ಕೊರಗುವುದು ತಪ್ಪುತ್ತದೆ. ಮೊದಲ ಭೇಟಿಯಲ್ಲಿ ಬರಿಯ ಮಾತು ಮತ್ತು ಎಕ್ಸ್-ರೇ ಸಾಕು ಎಂದು ಹೇಳು. ಎಡಗೈ ಎತ್ತಿದರೆ ಕೆಲಸ ನಿಲ್ಲಿಸಬೇಕು ಎಂದು ಮೊದಲೇ ಒಪ್ಪಂದ ಮಾಡಿಕೊ. ನನ್ನಲ್ಲಿಗೆ ಬರುತ್ತಿದ್ದ ಒಬ್ಬ ಮೇಷ್ಟ್ರು ಕುರ್ಚಿಯ ಕೈಯನ್ನು ಹಿಡಿದರೆ ಬೆರಳ ಗೆಣ್ಣುಗಳು ಬೆಳ್ಳಗಾಗುತ್ತಿದ್ದವು. ಕೈ ಎತ್ತಿದ ತಕ್ಷಣ ನಾನು ನಿಲ್ಲಿಸುವುದನ್ನು ಪರೀಕ್ಷಿಸಲೆಂದೇ ಮೊದಲು ಎರಡು ಬಾರಿ ಎತ್ತಿದರು. ಆಮೇಲೆ ಹಿಡಿತ ತಾನಾಗಿ ಸಡಿಲವಾಯಿತು, ಫಿಲ್ಲಿಂಗ್ ಮುಗಿಯುವವರೆಗೂ ಕೈ ಮೇಲೇಳಲಿಲ್ಲ. ನಿಲ್ಲಿಸುವ ಅಧಿಕಾರ ತಮ್ಮ ಕೈಯಲ್ಲಿದೆ ಎಂದು ಗೊತ್ತಾದರೆ ಎಷ್ಟೋ ಜನಕ್ಕೆ ಅಷ್ಟೇ ಸಾಕು.

ಅದು ಸಾಲದಿದ್ದರೆ ಮುಂದಿನ ಮೆಟ್ಟಿಲು ನೈಟ್ರಸ್ ಆಕ್ಸೈಡ್, ಜನ ‘ಲಾಫಿಂಗ್ ಗ್ಯಾಸ್’ ಅನ್ನುವುದು. ಅರಿವಳಿಕೆಯ ಇತಿಹಾಸದಲ್ಲಿ ಇದಕ್ಕೆ ದೊಡ್ಡ ಸ್ಥಾನವಿದೆ. 1844ರ ಡಿಸೆಂಬರ್ 10ರಂದು ಅಮೆರಿಕದ ಹಾರ್ಟ್‌ಫರ್ಡ್ ಊರಿನಲ್ಲಿ ಈ ಅನಿಲದ ಪ್ರದರ್ಶನ ನಡೆಯಿತು. ಅದನ್ನು ಸೇವಿಸಿ ಕುಣಿದಾಡಿದ ಒಬ್ಬನ ಕಾಲಿಗೆ ಗಾಯವಾದರೂ ಅವನಿಗೆ ನೋವೇ ಗೊತ್ತಾಗಲಿಲ್ಲ. ಸಭೆಯಲ್ಲಿದ್ದ ದಂತವೈದ್ಯ ಹೊರೇಸ್ ವೆಲ್ಸ್ ಅದನ್ನು ಗಮನಿಸಿ, ಮರುದಿನವೇ ಅನಿಲ ಸೇವಿಸಿ ಸಹೋದ್ಯೋಗಿಯಿಂದ ತನ್ನದೇ ಹಲ್ಲು ಕೀಳಿಸಿಕೊಂಡ.

ಇಂದು ಅದನ್ನು ಆಮ್ಲಜನಕದ ಜೊತೆ ಅಳತೆಯಾಗಿ ಬೆರೆಸಿ, ಮೂಗಿನ ಮೇಲೆ ಪುಟ್ಟ ಮಾಸ್ಕ್ ಇಟ್ಟು ಕೊಡುತ್ತಾರೆ. ಕೆಲವೇ ನಿಮಿಷದಲ್ಲಿ ಬೆರಳ ತುದಿ ಜುಮ್ಮೆನ್ನುತ್ತದೆ, ಮೈ ಬೆಚ್ಚಗೆ ಹಗುರವಾಗುತ್ತದೆ. ನೀನು ಎಚ್ಚರವಾಗಿಯೇ ಇರುತ್ತೀಯ, ಡಾಕ್ಟರ ಮಾತಿಗೆ ಉತ್ತರ ಕೊಡುತ್ತೀಯ, ಆದರೆ ಆತಂಕ ದೂರ ಸರಿದಿರುತ್ತದೆ. ಕೊನೆಗೆ ಕೆಲವು ನಿಮಿಷ ಬರೀ ಆಮ್ಲಜನಕ ಕೊಟ್ಟರೆ ಮಂಪರು ಇಳಿಯುತ್ತದೆ. ಏರಿಸುವುದೂ ಇಳಿಸುವುದೂ ಇಷ್ಟು ಸುಲಭವಾದ ಬೇರೆ ಸೆಡೇಶನ್ ಇಲ್ಲ. ನೆಗಡಿಯಿಂದ ಮೂಗು ಕಟ್ಟಿದ್ದರೆ ಆಗುವುದಿಲ್ಲ. ಗರ್ಭದ ಮೊದಲ ತಿಂಗಳುಗಳಲ್ಲಿ, ತೀವ್ರ ಶ್ವಾಸಕೋಶದ ಕಾಯಿಲೆ ಅಥವಾ ಬಿ12 ಕೊರತೆ ಇದ್ದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಎಲ್ಲ ಕ್ಲಿನಿಕ್ಕಿನಲ್ಲೂ ಈ ಸೌಲಭ್ಯ ಸಿಗದು. ಬೆಂಗಳೂರು, ಮೈಸೂರು, ಮಂಗಳೂರು, ಮಣಿಪಾಲ, ದಾವಣಗೆರೆ, ಧಾರವಾಡ, ಕಲಬುರಗಿಗಳಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ; ಹತ್ತಿರದ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸು.

ಮಾತ್ರೆಯ ದಾರಿಯೂ ಉಂಟು. ಡಯಾಜೆಪಾಮ್, ಮಿಡಾಜೋಲಾಮ್‌ನಂಥ ಔಷಧಗಳನ್ನು ಚಿಕಿತ್ಸೆಗೆ ಸ್ವಲ್ಪ ಮೊದಲು ನುಂಗಿಸುತ್ತಾರೆ. ಸೂಜಿಯ ಕಾಟವಿಲ್ಲ, ಆದರೆ ಒಂದೇ ಪ್ರಮಾಣ ಒಬ್ಬರಿಗೆ ಸಾಲದು, ಇನ್ನೊಬ್ಬರಿಗೆ ಹೆಚ್ಚಾಗುತ್ತದೆ. ನುಂಗಿದ ಮೇಲೆ ತಕ್ಕಂತೆ ಹೊಂದಿಸಲು ಬರುವುದಿಲ್ಲ. ಅಜ್ಜಿಯ ಡಬ್ಬಿಯಲ್ಲಿರುವ ನಿದ್ದೆ ಮಾತ್ರೆಯನ್ನು ನೀನಾಗಿ ನುಂಗಿ ಕ್ಲಿನಿಕ್ಕಿಗೆ ಹೋಗುವ ಯೋಚನೆ ಎಂದೂ ಬೇಡ. ಮದ್ಯದೊಂದಿಗೆ ಅಥವಾ ಬೇರೆ ನಿದ್ದೆ ಔಷಧದೊಂದಿಗೆ ಸೇರಿದರೆ ಇಂಥ ಮಾತ್ರೆ ಉಸಿರನ್ನೇ ಕುಗ್ಗಿಸೀತು.

ಭಯ ತೀರಾ ಹೆಚ್ಚಿದ್ದರೆ, ಇಲ್ಲವೇ ಹುದುಗಿರುವ ಬುದ್ಧಿಹಲ್ಲು ತೆಗೆಯುವಂಥ ದೀರ್ಘ ಕೆಲಸವಿದ್ದರೆ ರಕ್ತನಾಳದ ಮೂಲಕ ಸೆಡೇಶನ್ ಕೊಡುತ್ತಾರೆ. ಮುಂಗೈಗೆ ಸಣ್ಣ ಸೂಜಿ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು, ತೋಳಿಗೆ ಬಿಪಿ ಪಟ್ಟಿ. ಮಿಡಾಜೋಲಾಮ್ ಹನಿಹನಿಯಾಗಿ ಹೋದಂತೆ ಕಣ್ಣು ಮುಚ್ಚುತ್ತದೆ, ಹೆಸರು ಹಿಡಿದು ಕರೆದರೆ ಓಗೊಡುತ್ತೀಯ. ನಡೆದದ್ದರಲ್ಲಿ ಬಹುಪಾಲು ಆಮೇಲೆ ನೆನಪಿರುವುದಿಲ್ಲ. ಅಗತ್ಯಬಿದ್ದರೆ ಅದರ ಪರಿಣಾಮ ಇಳಿಸಲು ಫ್ಲುಮಾಜೆನಿಲ್ ಎಂಬ ಪ್ರತ್ಯೌಷಧವೂ ಇದೆ. ಪೂರ್ಣ ಅರಿವಳಿಕೆ ಕೊನೆಯ ಆಯ್ಕೆ. ಬಾಯಿ ತುಂಬ ಹುಳುಕಿರುವ ಪುಟ್ಟ ಮಕ್ಕಳಿಗೆ, ಸಹಕರಿಸಲಾಗದ ವಿಶೇಷಚೇತನರಿಗೆ, ದೊಡ್ಡ ಶಸ್ತ್ರಚಿಕಿತ್ಸೆಗೆ ಅದು ಬೇಕು. ಅದೂ ಆಸ್ಪತ್ರೆಯಲ್ಲಿ, ಅರಿವಳಿಕೆ ತಜ್ಞರ ಕೈಯಲ್ಲೇ.

ಯಾವ ಸೆಡೇಶನ್ ಆದರೂ ಕೇಳಬೇಕಾದ್ದನ್ನು ಸಂಕೋಚವಿಲ್ಲದೆ ಕೇಳು. ಔಷಧ ಕೊಡುವವರು ಯಾರು? ಹಲ್ಲಿನ ಕೆಲಸ ನಡೆಯುವಾಗ ನನ್ನ ಉಸಿರು, ನಾಡಿ ನೋಡುತ್ತಿರಲು ಬೇರೊಬ್ಬರು ಇರುತ್ತಾರೆಯೇ? ಆಮ್ಲಜನಕ, ತುರ್ತು ಔಷಧ ಕೋಣೆಯಲ್ಲೇ ಇವೆಯೇ? ಇದಕ್ಕೆ ಸಮಾಧಾನವಾಗಿ ಉತ್ತರಿಸದ ಕಡೆ ಮಲಗಬೇಡ. ನೀನೂ ಏನನ್ನೂ ಮುಚ್ಚಿಡಬೇಡ. ಉಬ್ಬಸ, ಜೋರು ಗೊರಕೆ, ಅಲರ್ಜಿ, ಬಸಿರು, ತೆಗೆದುಕೊಳ್ಳುವ ಪ್ರತಿಯೊಂದು ಮಾತ್ರೆಯನ್ನೂ ಹೇಳು. ರಕ್ತನಾಳದ ಸೆಡೇಶನ್ನಿಗೆ ಸಾಮಾನ್ಯವಾಗಿ 6 ಗಂಟೆ ಮೊದಲು ಊಟ, 2 ಗಂಟೆ ಮೊದಲು ನೀರು ನಿಲ್ಲಿಸಬೇಕು. ಹಾಲು ಹಾಕಿದ ಕಾಫಿಗೂ ಊಟದ ಲೆಕ್ಕವೇ, ‘ಬರೀ ಅರ್ಧ ಲೋಟ’ ಎಂದು ಕುಡಿದು ಹೋಗಬೇಡ. ಮಾತ್ರೆಯಾಗಲಿ ರಕ್ತನಾಳದ ಔಷಧವಾಗಲಿ ತೆಗೆದುಕೊಂಡ ದಿನ ಜೊತೆಗೊಬ್ಬರು ಇರಲೇಬೇಕು. 24 ಗಂಟೆ ಸ್ಕೂಟರ್ ಮುಟ್ಟಬೇಡ, ಕಾಗದಪತ್ರಕ್ಕೆ ಸಹಿ ಹಾಕಬೇಡ, ಒಬ್ಬಳೇ ಒಲೆ ಮುಂದೆ ನಿಲ್ಲಬೇಡ.

ನಿನ್ನ ವಿಷಯದಲ್ಲಿ ನನ್ನ ಅಭಿಪ್ರಾಯ ಕೇಳುವುದಾದರೆ, ಒಂದು ಹಲ್ಲಿನ ರೂಟ್ ಕೆನಾಲಿಗೆ ಚೆನ್ನಾಗಿ ಮರಗಟ್ಟಿಸಿ, ಕೈ ಎತ್ತಿದಾಗ ನಿಲ್ಲಿಸುವ ಡಾಕ್ಟರು ಸಿಕ್ಕರೆ ಬಹುಮಟ್ಟಿಗೆ ಸಾಕು. ಆಗದಿದ್ದರೆ ಗ್ಯಾಸ್. ಅದರಾಚೆಯದು ನಿನಗೆ ಬೇಕಾಗಲಾರದು. ಬೇಕಾದರೂ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಭಯ ನೀಗಲು ಎಷ್ಟು ಬೇಕೋ ಅಷ್ಟೇ ಔಷಧ, ಅದಕ್ಕಿಂತ ಹೆಚ್ಚೂ ಬೇಡ ಕಡಿಮೆಯೂ ಬೇಡ.

ಈ ವಾರವೇ ಕ್ಲಿನಿಕ್ಕಿಗೆ ಫೋನ್ ಮಾಡು. ಹಲ್ಲಿನ ಸುದ್ದಿ ಎತ್ತುವ ಮೊದಲು, ‘ಡಾಕ್ಟ್ರೇ, ನನಗೆ ತುಂಬಾ ಹೆದರಿಕೆ’ ಅನ್ನು. ಆ ಮಾತು ಕೇಳಿ ಬೈಯುವವರಾದರೆ ಬೇರೆ ಡಾಕ್ಟರನ್ನು ಹುಡುಕು. ಕೂರಿಸಿ ಮಾತಾಡಿಸುವವರಾದರೆ ಹಲ್ಲನ್ನು ನಂಬಿ ಅವರ ಕೈಗೊಪ್ಪಿಸು.

ಇಂತಿ ನಿನ್ನ
ದೊಡ್ಡಮ್ಮ