ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರ ವಿಷಯಗಳು

ನಮ್ಮ ನಾಡಿನ ಸಂಘಸಂಸ್ಥೆಗಳ ಕಾರ್ಯಸೂಚಿಯನ್ನು ಓದಿ ಬಲ್ಲವರಿಗೆ ಅದರ ಕಡೆಯ ಸಾಲು ಪರಿಚಿತವೇ ಆಗಿರುತ್ತದೆ: ‘ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರ ವಿಷಯಗಳು’. ವರದಿ, ಲೆಕ್ಕಪತ್ರ, ವಂದನಾರ್ಪಣೆಗಳ ನಡುವೆ ಆಕಳಿಸುತ್ತ ಕುಳಿತ ಸಭೆಯು ಈ ಸಾಲಿಗೆ ಬಂದೊಡನೆ ಕುರ್ಚಿಗಳನ್ನು ಮುಂದಕ್ಕೆಳೆದುಕೊಳ್ಳುವುದುಂಟು. ಮೈಸೂರಿನ ಒಂದು ಬಡಾವಣೆಯ ವಾಚನಾಲಯದಲ್ಲಿ ಮಾಸಿಕ ಗೋಷ್ಠಿಯ ಕಾರ್ಯದರ್ಶಿಯಾಗಿ ಬಹುಕಾಲ ಇದ್ದವನಾದ ನನಗೆ, ಗ್ರಂಥವಿಮರ್ಶೆ ಮುಗಿದು ಕಾಫಿ ಬಂದ ತರುವಾಯ ಕಾವೇರಿಯ ನೀರು, ಮೀಸಲಾತಿ, ಶಿಕ್ಷಣಮಾಧ್ಯಮ, ಚುನಾವಣೆ ಎಂದು ಹಬ್ಬುತ್ತಿದ್ದ ಆ ಮುಕ್ತ ಸಂಭಾಷಣೆಯು ಗೋಷ್ಠಿಗೆ ಪ್ರಾಣವೂ ಆಗಬಲ್ಲುದು, ಪ್ರಾಣಾಂತಿಕವೂ ಆಗಬಲ್ಲುದು ಎಂಬುದು ಅನುಭವದಿಂದ ತಿಳಿದ ಸಂಗತಿ.

ಇಂತಹ ಮಾತಿಗೆ ಅವಕಾಶವನ್ನೇ ಕೊಡದಿರುವುದು ಕ್ಷೇಮವೆಂದು ಸಮಿತಿಯ ಕೆಲವು ಹಿರಿಯರು ಒಮ್ಮೆ ನಿರ್ಣಯ ಮಾಡಿಸಿದರು. ಫಲವು ವಿಪರೀತವಾಯಿತು. ಕುಮಾರವ್ಯಾಸನ ಕರ್ಣನನ್ನು ಕುರಿತ ಉಪನ್ಯಾಸವು ಮೀಸಲಾತಿಯ ಕಲಹವಾಯಿತು. ವಚನಗಳ ವ್ಯಾಖ್ಯಾನವು ಮಠಗಳ ರಾಜಕಾರಣದಲ್ಲಿ ಪರ್ಯವಸಾನವಾಯಿತು. ಹೇಳಲೇಬೇಕೆಂಬ ಆತುರವುಳ್ಳವನು ಯಾವ ಕಾವ್ಯದ ಯಾವ ಪದ್ಯದಿಂದಲಾದರೂ ತನ್ನ ಮಾತಿಗೆ ದಾರಿ ತೆಗೆಯಬಲ್ಲನಷ್ಟೆ. ನಮ್ಮ ಸಂಸತ್ತಿನ ಶೂನ್ಯವೇಳೆಯನ್ನೇ ನೋಡಿರಿ: ಕಾರ್ಯವಿಧಾನದ ನಿಯಮಾವಳಿಯಲ್ಲಿ ಅದರ ಹೆಸರೇ ಇಲ್ಲ, ಆದರೂ 1960ರ ದಶಕದಿಂದ ಈಚೆಗೆ ಪ್ರಶ್ನೋತ್ತರದ ಬೆನ್ನಿಗೆ ಅದು ತಾನಾಗಿ ಬೆಳೆದು ನಿಂತಿತು. ಸಭೆ ಸೇರಿದ ಮನುಷ್ಯರಿಗೆ ಅಂತಹದೊಂದು ವೇಳೆ ಬೇಕೇ ಬೇಕು. ಅದನ್ನು ಅಳಿಸಲಾಗದು, ಅದಕ್ಕೊಂದು ಎಲ್ಲೆಯನ್ನು ಕಟ್ಟಬಹುದು.

ಪ್ರಾಚೀನರು ಈ ವಿಷಯದಲ್ಲಿ ನಮಗಿಂತ ಸೂಕ್ಷ್ಮಜ್ಞರು. ಗೌತಮನ ನ್ಯಾಯಸೂತ್ರಗಳು ತತ್ತ್ವನಿರ್ಣಯಕ್ಕಾಗಿ ನಡೆಯುವ ವಾದವನ್ನೂ, ಗೆಲವಿಗಾಗಿ ನಡೆಯುವ ಜಲ್ಪವನ್ನೂ, ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಕೆಡಹುವುದಷ್ಟೇ ಗುರಿಯಾದ ವಿತಂಡೆಯನ್ನೂ ಬೇರೆಬೇರೆಯಾಗಿ ಎಣಿಸಿ, ವಾದಿಯು ಸೋತನೆಂದು ತೀರ್ಮಾನಿಸಲು 22 ನಿಗ್ರಹಸ್ಥಾನಗಳನ್ನು ಹೇಳುತ್ತವೆ. ಪ್ರಕೃತ ವಿಷಯವನ್ನು ಬಿಟ್ಟು ಸಂಬಂಧವಿಲ್ಲದ್ದನ್ನು ನುಡಿಯುವ ‘ಅರ್ಥಾಂತರ’ವು ಅವುಗಳಲ್ಲಿ ಒಂದು. ಪಂಡಿತಸಭೆಗೆ ಆ ಕಟ್ಟುನಿಟ್ಟು ಒಪ್ಪುವುದು. ಕಾಫಿಯ ಲೋಟ ಹಿಡಿದು ಕುಳಿತವರಲ್ಲಿ ಅರ್ಥಾಂತರವನ್ನು ಕ್ಷಮಿಸಿ ವಿತಂಡೆಯನ್ನು ಮಾತ್ರ ತಡೆದರೆ ಸಾಕೆಂಬುದು ನಮ್ಮ ನಿಲವಾಯಿತು.

ನಿಯಮಗಳನ್ನು ಬರೆಯಹೊರಟಾಗ ಮೊದಲು ಎಲ್ಲರಿಗೂ ಹೊಳೆದ ವಾಕ್ಯ, ‘ಸದಸ್ಯರು ಸಭ್ಯತೆಯಿಂದ ವರ್ತಿಸತಕ್ಕದ್ದು’ ಎಂಬುದು. ಇಷ್ಟು ನಿರುಪಯುಕ್ತವಾದ ನಿಯಮ ಮತ್ತೊಂದಿಲ್ಲ. ಎದುರಾಳಿಯು ಅಸಭ್ಯನೆಂದು ಎರಡು ಪಕ್ಷದವರೂ ಅದನ್ನೇ ಎತ್ತಿ ತೋರಿಸಿ ಕೂಗಾಡಿದರು. ದಂಡ ವಿಧಿಸುವ ಸಲಹೆಯೂ ಬಂದಿತು. ಬೆಂಜಮಿನ್ ಫ್ರಾಂಕ್ಲಿನ್ 1727ರಲ್ಲಿ ಫಿಲಡೆಲ್ಫಿಯಾದಲ್ಲಿ ಕಟ್ಟಿದ ಚರ್ಚಾಕೂಟದಲ್ಲಿ, ತನ್ನ ಅಭಿಪ್ರಾಯವೇ ಸಿದ್ಧಾಂತವೆಂಬಂತೆ ನುಡಿಯುವವರಿಗೂ ನೇರವಾಗಿ ಖಂಡಿಸುವವರಿಗೂ ಸಣ್ಣ ಮೊತ್ತದ ದಂಡವಿತ್ತಂತೆ. ನಮ್ಮಲ್ಲಿ ಅನುಕೂಲಸ್ಥರಾದ ಒಬ್ಬ ಸದಸ್ಯರು ದಂಡದ ಹಣವನ್ನು ಮುಂಗಡವಾಗಿ ಮೇಜಿನ ಮೇಲಿಟ್ಟೇ ಮಾತಿಗಾರಂಭಿಸಿದ್ದರಿಂದ ಆ ಪ್ರಯೋಗ ಅಲ್ಲಿಗೆ ನಿಂತಿತು.

ಕಟ್ಟಕಡೆಗೆ ಉಳಿದ ನಿಯಮಗಳಲ್ಲಿ ಅತ್ಯಂತ ಹೆಚ್ಚು ಪ್ರಯೋಜನಕ್ಕೆ ಬಂದುದು ಪ್ರವೇಶದ ನಿಯಮ. ಆ ದಿನದ ಗ್ರಂಥವಿಮರ್ಶೆಯಲ್ಲಿ ಆದಿಯಿಂದ ಕುಳಿತವರಿಗೆ ಮಾತ್ರ ಮುಕ್ತ ಸಂಭಾಷಣೆಯಲ್ಲಿ ಮಾತನಾಡುವ ಅಧಿಕಾರ. ಕಾಫಿಯ ಹೊತ್ತಿಗೆ ಬಂದವರು ಕೇಳಬಹುದು, ನುಡಿಯುವಂತಿಲ್ಲ. ಜಗಳವೊಂದಕ್ಕಾಗಿಯೇ ಬರುತ್ತಿದ್ದವರು ಇದರಿಂದ ತಾವಾಗಿ ಮರೆಯಾದರು. ಉಳಿದವರಾದರೋ ಒಂದು ಗಂಟೆಯ ಕಾಲ ಒಂದೇ ಪುಸ್ತಕವನ್ನು ಕೂಡಿ ಓದಿದವರಾದುದರಿಂದ, ಪರಸ್ಪರರಲ್ಲಿ ಮತಭೇದದ ಹೊರತು ಬೇರೆ ಗುಣಗಳನ್ನೂ ಕಂಡಿರುತ್ತಿದ್ದರು. ಎಲ್ಲರಿಗೂ ಒಂದು ಸರದಿ ದೊರೆಯುವವರೆಗೆ ಯಾರೂ ಎರಡನೆಯ ಸಲ ಮಾತನಾಡಕೂಡದು ಎಂಬುದನ್ನೂ, ಮಾತನ್ನೆಲ್ಲ ಅಧ್ಯಕ್ಷರನ್ನು ಉದ್ದೇಶಿಸಿಯೇ ಆಡತಕ್ಕದ್ದು ಎಂಬುದನ್ನೂ ಶಾಸನಸಭೆಗಳ ಸಂಪ್ರದಾಯದಿಂದ ಎರವಲು ತಂದೆವು.

ಎದುರಾಳಿಯ ಉದ್ದೇಶವನ್ನು ಶಂಕಿಸಕೂಡದೆಂಬ ನಿಯಮವು ಲೋಕಸಭೆಯಲ್ಲಿಯೂ ಇದೆ, ಅಮೆರಿಕದ ಸೈನ್ಯದ ಎಂಜಿನಿಯರ್ ಹೆನ್ರಿ ರಾಬರ್ಟ್ 1876ರಲ್ಲಿ ಪ್ರಕಟಿಸಿದ ಸಭಾನಿಯಮಗಳ ಕೈಪಿಡಿಯಲ್ಲಿಯೂ ಇದೆ. ನಮ್ಮಲ್ಲಿ ಇದರ ಪಾಲನೆಯೇ ದುಷ್ಕರವಾಗಿತ್ತು. ಏಕೆಂದರೆ ‘ನೀವು ಇಂಥ ಜಾತಿಯವರಾದ್ದರಿಂದ ಹೀಗೆನ್ನುತ್ತೀರಿ’ ಎಂಬ ಒಂದು ಮಾತು ನಮ್ಮ ಜನರ ನಾಲಗೆಯ ತುದಿಯಲ್ಲಿಯೇ ಸದಾ ಇರುವುದು. ಆ ಮಾತು ಹೊರಬಿದ್ದ ಮೇಲೆ ಚರ್ಚೆಯೆಂಬುದು ಉಳಿಯುವುದಿಲ್ಲ. ಅದನ್ನಾಡಿದವರು ಮುಂದಿನ ತಿಂಗಳ ಮುಕ್ತ ಸಂಭಾಷಣೆಯಲ್ಲಿ ಮೌನವಾಗಿರತಕ್ಕದ್ದೆಂದೂ, ಗ್ರಂಥವಿಮರ್ಶೆಯಲ್ಲಿ ಮಾತ್ರ ಎಂದಿನಂತೆ ಭಾಗವಹಿಸಬಹುದೆಂದೂ ಗೊತ್ತುಮಾಡಿದೆವು. ಒಂದು ಕಡೆ ತಪ್ಪಿದವರನ್ನು ಎಲ್ಲ ಕಡೆಯಿಂದಲೂ ಹೊರಹಾಕಿದರೆ ಒಳ್ಳೆಯ ಓದುಗರು ನಷ್ಟವಾಗುವರು. ಕೋಪಿಷ್ಠರಲ್ಲಿ ಒಳ್ಳೆಯ ಓದುಗರು ಹೆಚ್ಚೆಂಬುದು ನನ್ನ ಗುಮಾನಿ.

ಅಧ್ಯಕ್ಷಪೀಠದಲ್ಲಿ ಕುಳಿತವರಿಗೆ ವಾದದಲ್ಲಿ ಸೇರುವ ಚಾಪಲ್ಯ ಉಂಟಾದರೆ ಪೀಠವನ್ನು ಇನ್ನೊಬ್ಬರಿಗೊಪ್ಪಿಸಿ ಕೆಳಗಿಳಿಯಬೇಕು. ರಾಬರ್ಟನ ವಿಧಿಯೂ ಇದೇ. ಅಭಿಪ್ರಾಯವಿರುವವನ ಕೈಯಲ್ಲಿ ಗಂಟೆಯೂ ಇದ್ದರೆ ಅವನ ನ್ಯಾಯವಾದ ತೀರ್ಪನ್ನೂ ಯಾರೂ ನಂಬರು.

ಸಂಘಗಳ ಕಾರ್ಯದರ್ಶಿಗಳಲ್ಲಿ ನನ್ನ ಬಿನ್ನಹವಿಷ್ಟು: ಇಂತಹ ನಿಯಮಗಳನ್ನು ಜಗಳವೆದ್ದ ದಿನ ಬರೆಯಬೇಡಿರಿ, ಬರೆದರೆ ಅವು ಯಾರೋ ಒಬ್ಬರ ಮೇಲಿನ ಆಪಾದನಾಪಟ್ಟಿಯಾಗುವುವು, ವಾರ್ಷಿಕ ಸರ್ವಸದಸ್ಯರ ಸಭೆಯಲ್ಲಿ, ಯಾರಿಗೂ ಯಾರ ಮೇಲೂ ಮುನಿಸಿಲ್ಲದ ಹೊತ್ತಿನಲ್ಲಿ, ಗಟ್ಟಿಯಾಗಿ ಓದಿಸಿ ಒಪ್ಪಿಗೆ ಪಡೆದು ನಡಾವಳಿ ಪುಸ್ತಕದಲ್ಲಿ ದಾಖಲಿಸಿಡಿರಿ.