ಬ್ಯಾಲೆನ್ಸ್: ಇರುವುದೋ, ಕೊಡಬೇಕಾದದ್ದೋ?



ಈ ಲೇಖನ ಬರೆಯಲು ಕಾರಣ ನಾನು ಮಾಡಿದ ಒಂದು ತಪ್ಪು. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಕಳೆದ ಜೂನ್‌ನಲ್ಲಿ ನಾನು ಪ್ರಥಮ ಪಿಯುಸಿಗೆ ಸೇರಿ ತಿಂಗಳೂ ಆಗಿರಲಿಲ್ಲ. ನಮ್ಮ ಖಾಲಾ, ಅಂದರೆ ಅಮ್ಮಿಯ ತಂಗಿ, ಮೊಬೈಲ್ ಹಿಡಿದುಕೊಂಡು ಮನೆಗೆ ಬಂದರು. ಹೊಲಿಗೆ ಯಂತ್ರಕ್ಕಾಗಿ ಅವರು ಒಂದು ಕಡೆ ಸಾಲ ತೆಗೆದಿದ್ದರು. ಅಲ್ಲಿಂದ ಇಂಗ್ಲಿಷಿನಲ್ಲಿ ಒಂದು ಮೆಸೇಜ್ ಬಂದಿತ್ತು. "ಕ್ಯಾ ಲಿಖ್ಕೋ ಹೈ ಬೇಟಾ, ಪಢ್ಕೋ ಬೋಲ್" ಎಂದರು. ಅದರಲ್ಲಿ ಇದ್ದದ್ದು ಇಷ್ಟೇ: ನಿಮ್ಮ ಔಟ್‌ಸ್ಟ್ಯಾಂಡಿಂಗ್ ಬ್ಯಾಲೆನ್ಸ್ 9,450 ರೂಪಾಯಿ.

ಔಟ್‌ಸ್ಟ್ಯಾಂಡಿಂಗ್ ಎಂದರೆ ಅತ್ಯುತ್ತಮ ಎಂದು ಹೈಸ್ಕೂಲಿನಲ್ಲಿ ಕಲಿತಿದ್ದೆ. ಬ್ಯಾಲೆನ್ಸ್ ಎಂದರೆ ಮೊಬೈಲ್‌ನಲ್ಲಿ ಉಳಿದಿರುವ ದುಡ್ಡು. ಎರಡನ್ನೂ ಕೂಡಿಸಿ, "ಖಾಲಾ, ನಿಮ್ಮ ಲೆಕ್ಕ ಬಹಳ ಚೆನ್ನಾಗಿದೆಯಂತೆ, 9,450 ರೂಪಾಯಿ ನಿಮ್ಮ ಹೆಸರಿನಲ್ಲಿ ಇದೆ" ಎಂದುಬಿಟ್ಟೆ. ಕಾಮರ್ಸ್ ಓದುವ ಹುಡುಗಿ ಹೇಳಿದ್ದಾಳೆ ಎಂದು ಅವರು ನಂಬಿದರು. ಕಂತಿಗೆಂದು ತೆಗೆದಿಟ್ಟಿದ್ದ 1,050 ರೂಪಾಯಿಯಲ್ಲಿ ಮಗನಿಗೆ ಶೂ, ಸ್ಕೂಲ್ ಬ್ಯಾಗ್ ತಂದರು. ಜುಲೈನಲ್ಲಿ ಕಂತು ಕೇಳಲು ಬಂದವರು ಬಾಗಿಲಲ್ಲಿ ನಿಂತು ಗಲ್ಲಿಗೆಲ್ಲ ಕೇಳುವ ಹಾಗೆ ಮಾತಾಡಿದರು. ಮೇಲೆ 200 ರೂಪಾಯಿ ದಂಡ. ಖಾಲಾ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಮರುದಿನ ಅಕೌಂಟೆನ್ಸಿ ಸರ್ ಅವರನ್ನು ಕೇಳಿದೆ: "ಸರ್, ಬ್ಯಾಲೆನ್ಸ್ ಎಂದರೆ ಇರುವ ದುಡ್ಡೋ, ಕೊಡಬೇಕಾದ ದುಡ್ಡೋ?" ಸರ್ ನಗಲಿಲ್ಲ. ಬೋರ್ಡಿನ ಮೇಲೆ ಒಂದು ತಕ್ಕಡಿಯ ಚಿತ್ರ ಬರೆದರು. ಅಂದಿನಿಂದ ಈ ಪದದ ಬೆನ್ನು ಹತ್ತಿದ್ದೇನೆ.

ಬ್ಯಾಲೆನ್ಸ್ ಪದ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದಿದೆ. ಅದರ ಹಿಂದೆ ಲ್ಯಾಟಿನ್‌ನ ಬಿಲಾಂಕ್ಸ್ ಇದೆ. ಬಿ ಎಂದರೆ ಎರಡು, ಲಾಂಕ್ಸ್ ಎಂದರೆ ತಟ್ಟೆ. ಎರಡು ತಟ್ಟೆಯದು, ಅಂದರೆ ತಕ್ಕಡಿ, ನಮ್ಮ ಮನೆಮಾತಿನ ತರಾಜೂ. ಇಟಲಿಯವರು ಅಢಾವೆ ಪತ್ರಿಕೆಗೆ ಇಂದಿಗೂ ಬಿಲಾಂಚೊ ಎನ್ನುತ್ತಾರೆ. ಲೆಕ್ಕ ಬರೆಯುವ ಜೋಡಿ ನಮೂದು ಪದ್ಧತಿಯನ್ನು ಮೊದಲು ಅಚ್ಚಿನಲ್ಲಿ ವಿವರಿಸಿದ ಲೂಕಾ ಪಾಚೋಲಿಯ ಪುಸ್ತಕ 1494ರಲ್ಲಿ ಹೊರಬಂದದ್ದೂ ಇಟಲಿಯ ವೆನಿಸ್‌ನಲ್ಲೇ. ಅರಬ್ಬಿಯಲ್ಲಿ ತಕ್ಕಡಿ ಎಂದರೆ ಮೀಝಾನ್. ಸೂರಾ ಅರ್‌ರಹ್ಮಾನ್‌ನ ಮೊದಲ ಭಾಗದಲ್ಲೇ ಈ ಪದ ಮೂರು ಸಲ ಬರುತ್ತದೆ, ನಮ್ಮಲ್ಲಿ ಅನೇಕರಿಗೆ ಅದು ಬಾಯಿಪಾಠ. ಅದೇ ಪದದಿಂದ ಬಂದ ಮೀಝಾನಿಯ್ಯಾ ಎಂದರೆ ಇಂದಿನ ಅರಬ್ಬಿಯಲ್ಲಿ ಬಜೆಟ್, ಅಢಾವೆ ಪತ್ರಿಕೆ ಎರಡೂ. ಇದರ ಧಾತುವಾದ ವಜ್ನ್ ಕನ್ನಡಕ್ಕೂ ಬಂದು ವಜನು ಆಗಿದೆ. ಗುಜರಿ ಅಂಗಡಿಯಲ್ಲಿ "ವಜನು ಎಷ್ಟು ಬಂತು" ಎಂದು ಕೇಳುವವರಿಗೆ ತಾವು ಅರಬ್ಬಿ ಮಾತಾಡುತ್ತಿದ್ದೇವೆ ಎಂದು ಗೊತ್ತಿರುವುದಿಲ್ಲ! ಕನ್ನಡದ ಸಮತೋಲನದಲ್ಲಿಯೂ ತುಲೆ, ಅಂದರೆ ತಕ್ಕಡಿಯೇ ಇದೆ.

ಸರಿ, ತಕ್ಕಡಿ ಎಂಬ ಪದಕ್ಕೆ 'ಉಳಿದದ್ದು' ಎಂಬ ಅರ್ಥ ಹೇಗೆ ಬಂತು? ಇಲ್ಲಿ ಲೆಡ್ಜರ್ ತೆರೆಯಬೇಕು. ಸೈನ್ಸ್, ಆರ್ಟ್ಸ್ ವಿಭಾಗದವರು ಎರಡು ನಿಮಿಷ ಸಹಿಸಿಕೊಳ್ಳಿ.

ಅಬ್ಬಾರ ಹಾರ್ಡ್‌ವೇರ್ ಅಂಗಡಿಯಿಂದ ಒಬ್ಬ ಗಿರಾಕಿ 8,000 ರೂಪಾಯಿಯ ಸಾಮಾನು ಸಾಲವಾಗಿ ಒಯ್ದು, 5,500 ಕೊಟ್ಟಿದ್ದಾರೆ ಎನ್ನೋಣ. ಅಬ್ಬಾರ ಪುಸ್ತಕದಲ್ಲಿ ಆ ಗಿರಾಕಿಯ ಖಾತೆಯ ಎಡಗಡೆ, ಡೆಬಿಟ್‌ನಲ್ಲಿ, 8,000. ಬಲಗಡೆ, ಕ್ರೆಡಿಟ್‌ನಲ್ಲಿ, 5,500. ತಕ್ಕಡಿ ಎಡಕ್ಕೆ ವಾಲಿದೆ. ಸರಿದೂಗಿಸಲು ಹಗುರವಾದ ತಟ್ಟೆಗೆ 2,500ರ ಬಟ್ಟು ಇಡುತ್ತೇವೆ. ಈಗ ಎರಡೂ ಕಡೆ 8,000. ಆ 2,500ಕ್ಕೇ ಬ್ಯಾಲೆನ್ಸ್ ಎಂದು ಹೆಸರು. ಅಂದರೆ ಬ್ಯಾಲೆನ್ಸ್ ಎಂದರೆ ಮೂಲದಲ್ಲಿ ಇರುವ ದುಡ್ಡೂ ಅಲ್ಲ, ಕೊಡಬೇಕಾದ ದುಡ್ಡೂ ಅಲ್ಲ. ಎರಡು ತಟ್ಟೆಗಳ ನಡುವಿನ ವ್ಯತ್ಯಾಸ ಮಾತ್ರ. ಯಾವ ತಟ್ಟೆ ಭಾರ, ಪುಸ್ತಕ ಯಾರದು ಎಂದು ತಿಳಿಯುವವರೆಗೆ ಆ ಪದ ಅರ್ಧ ಮಾತನ್ನಷ್ಟೇ ಹೇಳುತ್ತದೆ. ಅದೇ 2,500 ಅಬ್ಬಾರ ಪುಸ್ತಕದಲ್ಲಿ ಬರಬೇಕಾದ ಹಣ, ಆ ಗಿರಾಕಿ ಲೆಕ್ಕ ಬರೆದಿಟ್ಟಿದ್ದರೆ ಅವರ ಪುಸ್ತಕದಲ್ಲಿ ಕೊಡಬೇಕಾದ ಹಣ.

ಬ್ಯಾಂಕಿನ ವಿಷಯದಲ್ಲಿ ತರಗತಿಯ ಅರ್ಧ ಜನ ಎಡವಿದ್ದು ಇಲ್ಲೇ. ನಮ್ಮ ನಗದು ಪುಸ್ತಕದಲ್ಲಿ ಬ್ಯಾಂಕಿನ ಹಣ ಡೆಬಿಟ್ ಬ್ಯಾಲೆನ್ಸ್, ಏಕೆಂದರೆ ಅದು ನಮ್ಮ ಆಸ್ತಿ. ಪಾಸ್‌ಬುಕ್‌ನಲ್ಲಿ ಅದೇ ಹಣ ಕ್ರೆಡಿಟ್ ಬ್ಯಾಲೆನ್ಸ್, ಏಕೆಂದರೆ ಬ್ಯಾಂಕಿಗೆ ಅದು ನಮಗೆ ಹಿಂದಿರುಗಿಸಬೇಕಾದ ಸಾಲ. ಪಾಸ್‌ಬುಕ್ ನಮ್ಮ ಕೈಯಲ್ಲಿರುತ್ತದೆ, ಆದರೆ ಅದರೊಳಗಿನ ಲೆಕ್ಕ ಬ್ಯಾಂಕಿನ ಕಣ್ಣಿನಿಂದ ಬರೆದದ್ದು. ಓವರ್‌ಡ್ರಾಫ್ಟ್ ಆದರೆ ಎರಡೂ ಕಡೆ ತಿರುಗುಮುರುಗು. ಬ್ಯಾಂಕ್ ಹೊಂದಾಣಿಕೆ ಪಟ್ಟಿಯಲ್ಲಿ ನನ್ನ ಮೊದಲ ಟೆಸ್ಟ್ ಅಂಕಗಳು ಹೋದದ್ದು ಇದರಿಂದಲೇ, ಎಷ್ಟು ಹೋದವು ಎಂದು ಇಲ್ಲಿ ಬರೆಯುವುದಿಲ್ಲ.

ಕನ್ನಡದ ಒಂದು ಗುಣ ನನಗೆ ಇಲ್ಲಿ ಬಹಳ ಹಿಡಿಸಿತು. ಇಂಗ್ಲಿಷ್ ಒಂದೇ ಪದದಲ್ಲಿ ಕಟ್ಟಿಟ್ಟದ್ದನ್ನು ನಮ್ಮ ದಿನದ ಮಾತು ಎರಡು ಮಾಡಿಕೊಂಡಿದೆ. ಕೈಯಲ್ಲಿ ಉಳಿದದ್ದು ಶಿಲ್ಕು. ಸಲ್ಲಬೇಕಾದದ್ದು ಬಾಕಿ. ಸಂಘದ ಸಭೆಯಲ್ಲಿ "ನಗದು ಶಿಲ್ಕು ಇಷ್ಟು" ಎಂದರೆ ಎಲ್ಲರಿಗೂ ಸಮಾಧಾನ. "ಬಾಕಿ ಇಷ್ಟು" ಎಂದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆ ಮೆಸೇಜ್‌ನಲ್ಲಿ ಕನ್ನಡದ ಬಾಕಿ ಎಂಬ ಒಂದು ಪದ ಇದ್ದಿದ್ದರೆ ಖಾಲಾ ನನ್ನನ್ನು ಕೇಳುವ ಅಗತ್ಯವೇ ಇರಲಿಲ್ಲ. ಉರ್ದು ಮನೆಯವರಿಗೆ ಇಲ್ಲಿ ಇನ್ನೊಂದು ತೊಡಕು. ನಮ್ಮಲ್ಲಿ ಬಾಕಿ ಎಂದರೆ ಉಳಿದದ್ದು ಎಲ್ಲವೂ: ಸಾಲನ್ ಬಾಕಿ ಹೈ, ಕಾಮ್ ಬಾಕಿ ಹೈ. ಸದಾ ಉಳಿಯುವವನು ಎಂಬ ಅರ್ಥದಲ್ಲಿ ಅಲ್-ಬಾಕಿ ಅಲ್ಲಾಹನ ಹೆಸರುಗಳಲ್ಲಿ ಒಂದು. ಅದೇ ಪದ ಕನ್ನಡದ ಅಂಗಡಿಗೆ ಬಂದು ಸಾಲದ ಪುಸ್ತಕದಲ್ಲಿ ಕುಳಿತಿದೆ.

ಔಟ್‌ಸ್ಟ್ಯಾಂಡಿಂಗ್ ಕೂಡ ಇಂಥದ್ದೇ. ಹೊರಗೆ ಎದ್ದು ನಿಂತದ್ದು ಎಂದು ಹಿಡಿದರೆ ಎರಡೂ ಅರ್ಥ ಸಿಗುತ್ತವೆ. ಗುಂಪಿನಿಂದ ಎದ್ದು ಕಾಣುವ ವಿದ್ಯಾರ್ಥಿ ಅತ್ಯುತ್ತಮ, ತೀರದೆ ಹೊರಗೇ ನಿಂತ ಸಾಲ ಬಾಕಿ. ಅಂತಿಮ ಲೆಕ್ಕಗಳಲ್ಲಿ ಔಟ್‌ಸ್ಟ್ಯಾಂಡಿಂಗ್ ಸಂಬಳ ಎಂದು ಬಂದರೆ ಯಾರಿಗೋ ಒಳ್ಳೆಯ ಸಂಬಳ ಎಂದಲ್ಲ, ಇನ್ನೂ ಕೊಟ್ಟಿಲ್ಲ ಎಂದು. ಅಢಾವೆ ಪತ್ರಿಕೆಯಲ್ಲಿ ಅದು ಜವಾಬ್ದಾರಿಯ ಕಡೆ ಹೋಗಬೇಕು.

ಇನ್ನು ಸಮಾನಾರ್ಥಕ ಪದಗಳು. ರಿಮೈಂಡರ್ ಗಣಿತದ ಶೇಷ. ರೆಸ್ಟ್ ಎಂದರೆ ಉಳಿದವರು, ಉಳಿದದ್ದು. ಈಕ್ವಿಲಿಬ್ರಿಯಂ ಅರ್ಥಶಾಸ್ತ್ರದಲ್ಲಿ ಬೇಡಿಕೆ-ಪೂರೈಕೆ ಸೇರುವ ಸಮತೋಲನ. ಅದರೊಳಗಿನ ಲಿಬ್ರಾ ಕೂಡ ಲ್ಯಾಟಿನ್ನಿನ ತಕ್ಕಡಿಯೇ. ಪಾಯ್ಸ್ ಎಂದರೆ ನಡೆ-ನುಡಿಯ ಸ್ಥಿಮಿತ. ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲು ಆಗುವುದಿಲ್ಲ. ನಿರ್ಧಾರವಾಗದ ವಿಷಯ ಬ್ಯಾಲೆನ್ಸ್‌ನಲ್ಲಿ ತೂಗುತ್ತಿದೆ ಎಂದು ಇಂಗ್ಲಿಷಿನವರು ಹೇಳುತ್ತಾರೆ, ನಾವು ತೂಗುಯ್ಯಾಲೆಯಲ್ಲಿದೆ ಎನ್ನುತ್ತೇವೆ. ಪರೀಕ್ಷೆಗೆ ಒಂದು ಮಾತು: ಬ್ಯಾಲೆನ್ಸ್ ಡಯಟ್ ತಪ್ಪು, ಬ್ಯಾಲೆನ್ಸ್‌ಡ್ ಡಯಟ್ ಸರಿ.

ನಾವೇ ಸೃಷ್ಟಿಸಿಕೊಂಡ ಬಳಕೆಗಳೂ ಇವೆ. ಬಸ್ಸಿನಲ್ಲಿ ಚಿಲ್ಲರೆ ಇಲ್ಲದಾಗ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬರೆದುಕೊಡುವ ಬ್ಯಾಲೆನ್ಸ್‌ಗೆ ಇಂಗ್ಲಿಷಿನವರು ಚೇಂಜ್ ಎನ್ನುತ್ತಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಹಾಗಾಗಿ ಬ್ಯಾಲೆನ್ಸ್ ಮರೆತು ಇಳಿಯುವ ಸಂಕಟ ಈಗ ಭಾಯಿಜಾನ್‌ಗೆ ಮಾತ್ರ! "ಎರಡು ಚಾಪ್ಟರ್ ಬ್ಯಾಲೆನ್ಸ್ ಇದೆ" ಎಂದು ಸ್ಟಾಫ್ ರೂಮಿನಲ್ಲೂ ಕೇಳಿದ್ದೇನೆ. ಮೇಡಂ ಕ್ಷಮಿಸಬೇಕು, ಇಂಗ್ಲಿಷಿನಲ್ಲಿ ಅಲ್ಲಿ ಲೆಫ್ಟ್ ಎನ್ನಬೇಕಂತೆ.

ಈಗ ನಮ್ಮ ಗಲ್ಲಿಯ ನಾಲ್ಕೈದು ಮನೆಯವರು ಮೆಸೇಜ್ ಓದಿಸಲು ನನ್ನ ಹತ್ತಿರ ಬರುತ್ತಾರೆ. ನಾನು ಮೊದಲು ಬ್ಯಾಲೆನ್ಸ್‌ನ ಹಿಂದಿನ ಪದ ನೋಡುತ್ತೇನೆ. ಅವೈಲಬಲ್ ಎಂದಿದ್ದರೆ ಈಗ ತೆಗೆಯಬಹುದಾದ ಹಣ. ಮಿನಿಮಮ್ ಎಂದಿದ್ದರೆ ಖಾತೆಯಲ್ಲಿ ಬಿಡಲೇಬೇಕಾದದ್ದು. ಔಟ್‌ಸ್ಟ್ಯಾಂಡಿಂಗ್ ಎಂದಿದ್ದರೆ ಇನ್ನೂ ತೀರಿಸಬೇಕಾದದ್ದು. ಆಮೇಲೆ ಕಳಿಸಿದವರು ಯಾರು, ಅಲ್ಲಿ ಉಳಿತಾಯದ ಖಾತೆಯೋ ಸಾಲದ ಖಾತೆಯೋ ಎಂದು ಕೇಳುತ್ತೇನೆ. ತಿಳಿಯದಿದ್ದರೆ ತಿಳಿಯಲಿಲ್ಲ ಎಂದು ಹೇಳಿ ಮರುದಿನ ಸರ್ ಅವರನ್ನು ಕೇಳುತ್ತೇನೆ.

ಖಾಲಾಗೆ ಒಂದು ನೋಟ್‌ಬುಕ್ ಮಾಡಿಕೊಟ್ಟಿದ್ದೇನೆ. ಪ್ರತಿ ಕಂತನ್ನೂ ಅವರೇ ಉರ್ದುವಿನಲ್ಲಿ ಬರೆಯುತ್ತಾರೆ. ಜುಲೈನಿಂದ ಏಳು ಕಂತು ಕಟ್ಟಿದ್ದಾಯಿತು. ಈ ತಿಂಗಳು ಮತ್ತೆ ಮೆಸೇಜ್ ಬಂದಾಗ ಅವರು ಏನು ಬರೆದಿದೆ ಎಂದು ಕೇಳಲಿಲ್ಲ. ಮೊಬೈಲ್ ನನ್ನ ಮುಂದೆ ಹಿಡಿದು, "ಹೈ ಕೀ, ದೇನಾ ಹೈ ಕೀ?" ಎಂದರು. ಇದೆಯೋ, ಕೊಡಬೇಕೋ?

"ದೇನಾ ಹೈ ಖಾಲಾ, 2,100" ಎಂದೆ. ಅವರು ನೋಟ್‌ಬುಕ್ ತೆರೆದು, ತಾವು ಬರೆದಿದ್ದ ಅಂಕಿಯ ಪಕ್ಕದಲ್ಲಿ ಒಂದು ಸರಿ ಗುರುತು ಹಾಕಿದರು.