ಹೆಸರು ಒಂದು, ರೋಗ ಎರಡು: ಸಂಘದ ಪದಪಟ್ಟಿ



ಕಳೆದ ಮಳೆಗಾಲದಲ್ಲಿ ಸದಸ್ಯರೊಬ್ಬರು ಸಂಘಕ್ಕೆ ಬಂದು, “ಸೆಕ್ರೆಟರಿಗಳೇ, ತೆಂಗಿನ ಸುಳಿ ಹೋಗ್ತಾ ಇದೆ, ಮದ್ದು ಹೇಳಿ” ಎಂದರು. ನಾನು ಸುಳಿಕೊಳೆ ಎಂದು ಭಾವಿಸಿ, ಕೊಳೆತ ಭಾಗ ಕೆತ್ತಿ ಬೋರ್ಡೋ ಮುಲಾಮು ಹಚ್ಚಲು ಹೇಳಿದೆ. ಹದಿನೈದು ದಿನದ ಮೇಲೆ ತೋಟಕ್ಕೆ ಹೋಗಿ ನೋಡಿದರೆ ಗರಿಗಳು ಕತ್ತರಿಯಾಡಿಸಿದಂತಿದ್ದವು. ಸುಳಿಯ ಬುಡದಲ್ಲಿ ತೂತು! ಅದು ರೈನೋಸಿರಸ್ ದುಂಬಿ. ಅದನ್ನು ಕೊಕ್ಕೆಯಿಂದ ಎಳೆದು, ಗರಿಯ ಕಂಕುಳಿಗೆ ಬೇವಿನ ಹಿಂಡಿ ಮತ್ತು ಮರಳು ತುಂಬಬೇಕಿತ್ತು. ಎರಡು ಎಳೆಯ ಸಸಿ ಹೋದವು. ಹೊಣೆ ನನ್ನದೇ.

ಈ ಗೊಂದಲ ಹಳೆಯದು. ‘ಕೊಳೆರೋಗ’ವೆಂದರೆ ಅಡಿಕೆಯವರಿಗೆ ಕಾಯಿ ಕೊಳೆತು ಉದುರುವುದು, ಕಾಫಿಯವರಿಗೆ ಎಲೆ ಕಪ್ಪಾಗಿ ಕೊಳೆತು ಎಳೆಯಲ್ಲಿ ನೇತಾಡುವುದು. 1876ರಲ್ಲಿ ಕುಕ್ ಎಂಬ ವಿಜ್ಞಾನಿ ಕಾಫಿಯ ಶಿಲೀಂಧ್ರಕ್ಕೆ ನಮ್ಮ ಈ ಮಾತನ್ನೇ ಹೆಸರಾಗಿಟ್ಟರು. 1910ರಲ್ಲಿ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆರೋಗದ ಬಗ್ಗೆ ಬರೆದರು. ಅದರ ಕಾರಣ ಬೇರೊಂದು ಜೀವಿ.

ಆದ್ದರಿಂದ ಸಂಘದ ಕಂಪ್ಯೂಟರಿನಲ್ಲಿ ಪದಪಟ್ಟಿ ಆರಂಭಿಸಿದ್ದೇವೆ. ಕ್ರಮ ಹೀಗಿದೆ:

1. ಸಾಲಿಗೊಂದು ಪದ, ನಾಲ್ಕು ಭಾಗ, ನಡುವೆ ಗೀಟು:
ಕೊಳೆರೋಗ | ಅಡಿಕೆ | ಕಾಯಿ ಕೊಳೆತು ಉದುರುವುದು | ಮಳೆಗೆ ಮುಂಚೆ ಗೊನೆಗೆ ಶೇ. 1ರ ಬೋರ್ಡೋ ದ್ರಾವಣ

2. ಪೈಥಾನ್ ಭಾಷೆಯ ಇಪ್ಪತ್ತು ಸಾಲಿನ ಸ್ಕ್ರಿಪ್ಟು ಪ್ರತಿ ಸಾಲನ್ನೂ ಓದಿ ಗೀಟಿನಲ್ಲಿ ಒಡೆಯುತ್ತದೆ. ನಾಲ್ಕು ಭಾಗವಿಲ್ಲದಿದ್ದರೆ ಸಾಲಿನ ಸಂಖ್ಯೆ ಹೇಳಿ ತಿದ್ದಿಸುತ್ತದೆ.

3. ಪದವೊಂದನ್ನೇ ಗುರುತಾಗಿಟ್ಟರೆ ಕಾಫಿಯ ಕೊಳೆರೋಗ ಅಡಿಕೆಯದನ್ನು ಅಳಿಸಿಬಿಡುತ್ತದೆ. ಪದ, ಬೆಳೆ ಎರಡನ್ನೂ ಸೇರಿಸಿದರೂ ಸಾಲದು. ಸುಳಿಯ ತೊಂದರೆ ಎರಡೂ ತೆಂಗಿನವೇ. ಆದ್ದರಿಂದ ಪದ, ಬೆಳೆ, ಗುರುತು ಮೂರೂ ಒಂದೇ ಆದಾಗ ಮಾತ್ರ ‘ಎರಡು ಸಲ ಬಂದಿದೆ’ ಎಂದು ಎಚ್ಚರಿಸುತ್ತದೆ.

4. ಯೂನಿಕೋಡಿನಲ್ಲಿ ‘ಕೊ’ ಅಕ್ಷರದ ಒತ್ವವನ್ನು ಒಂದೇ ಚಿಹ್ನೆಯಾಗಿಯೂ, ಎತ್ವ ಮತ್ತು ಊತ್ವದ ಎರಡು ಚಿಹ್ನೆಗಳಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಹೋಲಿಸುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರಬೇಕು. ನುಡಿಯ ಹಳೆಯ ಕಡತಗಳನ್ನು ಮೊದಲೇ ಯೂನಿಕೋಡಿಗೆ ಬದಲಿಸಿಕೊಳ್ಳಬೇಕು.

ಈಗ ‘ಸುಳಿ’ ಎಂದು ಒತ್ತಿದರೆ ಕೊಳೆಯೂ ದುಂಬಿಯೂ ಒಟ್ಟಿಗೆ ಬರುತ್ತವೆ. ರೋಗ ಯಾವುದೆಂದು ಸ್ಕ್ರಿಪ್ಟು ಹೇಳದು, “ತೂತಿದೆಯೇ? ಸುಳಿ ಎಳೆದರೆ ಕಿತ್ತು ಬಂದು ನಾರುತ್ತದೆಯೇ?” ಎಂದು ಕೇಳುವುದನ್ನು ನೆನಪಿಸುತ್ತದೆ. ಅಂದು ನಾನು ಕೇಳದೆ ಹೋದದ್ದು ಅದನ್ನೇ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಸದಸ್ಯರು ಮುಂದಿನ ಸಭೆಗೆ ಬರುವಾಗ ತಮ್ಮೂರಿನ ಐದು ರೋಗ-ಕೀಟಗಳ ಹೆಸರನ್ನು, ಕಣ್ಣಾರೆ ಕಂಡ ಗುರುತಿನೊಂದಿಗೆ ಬರೆದು ತರಬೇಕಾಗಿ ವಿನಂತಿ.

— ಕಾರ್ಯದರ್ಶಿ